ಬಣ್ಣ ಹೇಳುವ ತಪ್ಪು ಕಣ್ಣಿಗೆ ಕಾಣದಾಗ

ತುಂಗಭದ್ರೆಯ ದಂಡೆಯ ನಮ್ಮ ದಢೇಸುಗೂರು ಸೀಮೆಯಲ್ಲಿ ಭತ್ತ ಬೆಳೆಯುವ ರೈತ ಬದುವಿನ ಮೇಲೆ ನಿಂತೇ ಪೈರಿನ ಸ್ಥಿತಿ ಹೇಳಿಬಿಡುತ್ತಾನೆ. ಎಲೆ ಮಾಸಿ ಹಳದಿಗೆ ತಿರುಗಿದರೆ ಸಾರಜನಕ ಸಾಲದೆಂದು ಅರ್ಥ. ಕೃಷಿ ವಿಜ್ಞಾನಿಗಳು ಇದಕ್ಕೆಂದೇ ಹಸಿರಿನ ಹಲವು ಛಾಯೆಗಳಿರುವ ಎಲೆ ಬಣ್ಣದ ಪಟ್ಟಿಯನ್ನೂ ರೂಪಿಸಿದ್ದಾರೆ. ಬಣ್ಣ ಇರುವುದು ಅಂದಕ್ಕಷ್ಟೇ ಅಲ್ಲ, ಸುದ್ದಿ ತಿಳಿಸುವುದಕ್ಕೂ ಹೌದು.

ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವವರೂ ಬಣ್ಣವನ್ನು ಹೀಗೆಯೇ ಬಳಸುತ್ತಾರೆ. ಶಾಲೆ ಬಿಟ್ಟ ಮೇಲೆ ಕೆಲವು ಮಕ್ಕಳಿಗೆ ನಾನು ಪೈತಾನ್ ಭಾಷೆ ಹೇಳಿಕೊಡುತ್ತೇನೆ. ಅದರ ಜೊತೆಗೆ ಉಚಿತವಾಗಿ ದೊರೆಯುವ ಬರವಣಿಗೆಯ ಸಾಧನಕ್ಕೆ 'ಐಡಲ್' ಎಂದು ಹೆಸರು. ನಾವು ಟೈಪ್ ಮಾಡುತ್ತಿದ್ದಂತೆ ಅದು ಪದಗಳಿಗೆ ಬಣ್ಣ ಹಚ್ಚುತ್ತದೆ. 'ಇಫ್', 'ವೈಲ್' ಮುಂತಾದ ಭಾಷೆಯ ಕಟ್ಟುಪದಗಳು ಕಿತ್ತಳೆ. 'ಪ್ರಿಂಟ್'ನಂಥ ಸಿದ್ಧ ಆಜ್ಞೆಗಳು ನೇರಳೆ. ಉದ್ಧರಣ ಚಿಹ್ನೆಗಳ ನಡುವಿನ ಪಠ್ಯ ಹಸಿರು. ಓದುವವರಿಗಾಗಿ ಬರೆದ, ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ ಟಿಪ್ಪಣಿ ಕೆಂಪು. ಇದಕ್ಕೆ ಸಿಂಟ್ಯಾಕ್ಸ್ ಹೈಲೈಟಿಂಗ್ ಎನ್ನುತ್ತಾರೆ.

ಇದರ ಉಪಯೋಗ ತಪ್ಪು ಹುಡುಕುವಾಗ ತಿಳಿಯುತ್ತದೆ. ಒಂದು ಸಾಲಿನಲ್ಲಿ ಪಠ್ಯವಿದೆ, ಅದರ ಮುಂದೆ ಟಿಪ್ಪಣಿಯಿದೆ ಎನ್ನಿ. ಪಠ್ಯದ ಕೊನೆಯ ಉದ್ಧರಣ ಚಿಹ್ನೆಯನ್ನು ಹಾಕಲು ಮರೆತರೆ, ಎಲ್ಲವೂ ಪಠ್ಯವೇ ಎಂದು ಭಾವಿಸಿ ಐಡಲ್ ಆ ಸಾಲಿನ ಕೊನೆಯವರೆಗೂ ಹಸಿರು ಹಚ್ಚುತ್ತದೆ. ಕೆಂಪಗಿದ್ದ ಟಿಪ್ಪಣಿಯೂ ಹಸಿರಾಗುತ್ತದೆ. ಅದನ್ನು ಕಂಡ ಹುಡುಗರು ಥಟ್ಟನೆ ಹಿಂದೆ ಹೋಗಿ ತಿದ್ದಿಕೊಳ್ಳುತ್ತಾರೆ.

ಎಂಟನೆಯ ತರಗತಿಯ ಒಬ್ಬ ಹುಡುಗ ಮಾತ್ರ ಹಾಗೆ ತಿದ್ದುತ್ತಿರಲಿಲ್ಲ. ಲೆಕ್ಕದಲ್ಲಿ ಚುರುಕು, ತರ್ಕದಲ್ಲಿ ಎಲ್ಲರಿಗಿಂತ ಮುಂದೆ. ಆದರೆ ಇಂಥ ತಪ್ಪಿನ ಮುಂದೆ ಕಾಲು ಗಂಟೆ ಕೂರುತ್ತಿದ್ದ. "ಕಣ್ಣು ಎಲ್ಲಿ ಇಟ್ಟೀಯೋ, ಹಸಿರಾಗಿದ್ದು ಕಾಣಂಗಿಲ್ಲೇನು?" ಎಂದು ಗೆಳೆಯರು ನಗುತ್ತಿದ್ದರು. ಒಂದು ದಿನ ಅವನು ಮೆಲ್ಲಗೆ, "ಎಲ್ಲಿ ಬದಲಾಗ್ಯದ್ರೀ ಸರ್? ನನಗ ಎರಡೂ ಒಂದೇ ನಮೂನಿ ಕಾಣ್ತಾವ್ರಿ" ಎಂದ. ಇದು ಲಕ್ಷ್ಯದ ಪ್ರಶ್ನೆಯಲ್ಲ, ಕಣ್ಣಿನ ಪ್ರಶ್ನೆ ಎಂದು ನನಗೆ ಹೊಳೆಯಿತು.

ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಆತನಿಗೂ ಹೀಗೆಯೇ ಇತ್ತು. ಕೆಂಪು ಅರಗು ಮತ್ತು ಒಂದು ಗಿಡದ ಹಸಿರೆಲೆ ತನಗೆ ಒಂದೇ ಬಣ್ಣವಾಗಿ ಕಾಣುತ್ತವೆಂದು ಆತ 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ ಸಭೆಯ ಮುಂದೆ ಹೇಳಿದ. ಕಣ್ಣಿನೊಳಗಿನ ದ್ರವ ನೀಲಿಯಾಗಿರುವುದೇ ಕಾರಣವೆಂದು ಆತನ ಊಹೆ. ಸತ್ತ ಮೇಲೆ ಪರೀಕ್ಷಿಸಿ ಎಂದು ಹೇಳಿಟ್ಟಿದ್ದ. 1844ರಲ್ಲಿ ನೋಡಿದರೆ ದ್ರವ ತಿಳಿಯಾಗಿಯೇ ಇತ್ತು. ಕಾಪಿಟ್ಟಿದ್ದ ಆ ಕಣ್ಣಿನ ಡಿಎನ್‌ಎ ಪರೀಕ್ಷೆ 1995ರಲ್ಲಿ ಪ್ರಕಟವಾದಾಗ ನಿಜ ತಿಳಿಯಿತು. ಬಣ್ಣ ಗ್ರಹಿಸಲು ನಮ್ಮ ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕುಕೋಶಗಳಿರುತ್ತವೆ. ಡಾಲ್ಟನ್‌ನಿಗೆ ಅವುಗಳಲ್ಲಿ ಹಸಿರಿಗೆ ಹೆಚ್ಚು ಸ್ಪಂದಿಸುವ ಬಗೆಯೇ ಇರಲಿಲ್ಲ.

ಈ ದೋಷದ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗುವಿಗೆ ಇರುವುದು ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ತಾಯಿಗೆ ಎರಡಿರುವುದರಿಂದ ಒಂದು ಸರಿಯಿದ್ದರೆ ಸಾಮಾನ್ಯವಾಗಿ ಆಕೆಯ ನೋಟಕ್ಕೆ ತೊಂದರೆಯಿಲ್ಲ. ಆದ್ದರಿಂದಲೇ ಯುರೋಪ್ ಮೂಲದ ಜನರಲ್ಲಿ ನೂರು ಗಂಡಸರಲ್ಲಿ ಸುಮಾರು 8 ಮಂದಿಗೆ ಇದಿದ್ದರೆ, ಹೆಂಗಸರಲ್ಲಿ ಇದು 200ಕ್ಕೆ ಒಬ್ಬರಿಗೆ ಮಾತ್ರ. ಹುಡುಗನ ತಾಯಿಯನ್ನು ಕರೆಸಿ ಕೇಳಿದೆ. "ನನ್ನ ತಮ್ಮಗೂ ಹಿಂಗೇ ಐತ್ರಿ ಸರ್. ಗಿಡದಾಗ ಹಣ್ಣು ಮೆಣಸಿನಕಾಯಿ ಯಾವುದು, ಹಸೀದು ಯಾವುದು ತಿಳಿಯಂಗಿಲ್ರಿ" ಎಂದರು. ಮಗನಿಗೆ ಇದು ನನ್ನಿಂದ ಬಂತೇನೋ ಎಂದು ಕಣ್ಣೊರೆಸಿಕೊಂಡರು. "ರಕ್ತದ ಗುಂಪು ಬಂದ ಹಾಗೆ ಇದೂ ಬರ್ತದಮ್ಮ, ಯಾರ ತಪ್ಪೂ ಅಲ್ಲ" ಎಂದು ಸಮಾಧಾನ ಹೇಳಿ ಸಿಂಧನೂರಿನ ಕಣ್ಣಿನ ವೈದ್ಯರಲ್ಲಿಗೆ ಕಳಿಸಿದೆ. ಅಲ್ಲಿ ಬಣ್ಣದ ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಇಶಿಹಾರ ಪರೀಕ್ಷೆಯಿಂದ ವಿಷಯ ಖಚಿತವಾಯಿತು.

ಹುಟ್ಟಿನಿಂದ ಬಂದ ಈ ದೋಷಕ್ಕೆ ಮದ್ದಿಲ್ಲ. ಆದರೆ ಐಡಲ್‌ನ ಬಣ್ಣ ಬದಲಿಸಲು ವೈದ್ಯರು ಬೇಕಿಲ್ಲವಲ್ಲ! 'ಆಪ್ಷನ್ಸ್' ಪಟ್ಟಿಯಲ್ಲಿ 'ಕಾನ್ಫಿಗರ್ ಐಡಲ್' ಒತ್ತಿ, 'ಹೈಲೈಟ್ಸ್' ಪುಟಕ್ಕೆ ಹೋದರೆ ಒಂದು ಮಾದರಿ ಪ್ರೋಗ್ರಾಂ ಕಾಣುತ್ತದೆ. ಬೇಕಾದ ಭಾಗದ ಮೇಲೆ ಒತ್ತಿ ಹೊಸ ಬಣ್ಣ ಆರಿಸಬೇಕು. ಆರಿಸುವ ಕೆಲಸವನ್ನು ಅವನಿಗೇ ಬಿಟ್ಟೆ. ಅವನ ಕಣ್ಣಿಗೆ ಯಾವುದು ಬೇರೆ ಎಂದು ಹೇಳಬೇಕಾದವನು ಅವನೇ. ಪಠ್ಯಕ್ಕೆ ಗಾಢ ನೀಲಿ, ಟಿಪ್ಪಣಿಗೆ ತೆಳು ಬೂದು ಹಚ್ಚಿದ. ಆಗ 'ಪ್ರಿಂಟ್'ನ ನೇರಳೆಯೂ ಅವನಿಗೆ ನೀಲಿಯಂತೆಯೇ ಕಂಡಿತು. ಅದನ್ನು ಕಪ್ಪು ಮಾಡಿದ. ಕಟ್ಟುಪದಗಳ ಕಿತ್ತಳೆ ಹಾಗೆಯೇ ಉಳಿಯಿತು. ಹೊಸ ಜೋಡಣೆಗೆ ಹೆಸರು ಕೊಡಿ ಎಂದು ಯಂತ್ರ ಕೇಳಿದಾಗ 'ಮುಗಿಲು' ಎಂದು ಬರೆದ. ಹಳೆಯ ಜೋಡಣೆ ಅಳಿಯುವುದಿಲ್ಲ, ಬೇಕಾದವರು ಅದನ್ನೇ ಬಳಸಬಹುದು. ಮರುದಿನ ಉದ್ಧರಣ ಚಿಹ್ನೆ ಬಿಟ್ಟಾಗ ಬೂದು ಟಿಪ್ಪಣಿ ನೀಲಿಗೆ ತಿರುಗಿತು. ಯಾರೂ ಹೇಳುವ ಮೊದಲೇ ಅವನ ಬೆರಳು ಹಿಂದಕ್ಕೆ ಹೋಗಿತ್ತು.

ರೈಲು ಚಾಲಕರಂಥ ಕೆಲವು ಹುದ್ದೆಗಳಿಗೆ ಬಣ್ಣ ಗುರುತಿಸುವ ಪರೀಕ್ಷೆ ಕಡ್ಡಾಯ. ಕಾಲೇಜು ಮುಗಿಸಿ ಅರ್ಜಿ ಹಾಕಿದ ಮೇಲೆ ಇದು ತಿಳಿದರೆ ಮಕ್ಕಳು ಕುಸಿಯುತ್ತಾರೆ. ಎಂಟನೆಯ ತರಗತಿಯಲ್ಲೇ ತಿಳಿದರೆ ಬೇರೆ ದಾರಿ ನೋಡಿಕೊಳ್ಳಲು ಸಮಯವಿರುತ್ತದೆ. ಪಾಲಕರೇ, ಮಗು ನಕಾಶೆಯ ಬಣ್ಣ ತಪ್ಪಿಸಿದರೆ, ಕೆಂಪು-ಹಸಿರು ಪೆನ್ಸಿಲು ಅದಲು ಬದಲು ಮಾಡಿದರೆ, ಗದರುವ ಮೊದಲು "ನಿನಗೆ ಇದು ಹೇಗೆ ಕಾಣ್ತದೆ?" ಎಂದೊಮ್ಮೆ ಕೇಳಿ. ವಿದ್ಯಾರ್ಥಿಗಳೇ, ಪಕ್ಕದವನಿಗೆ ಕಂಡದ್ದು ನಿಮಗೆ ಕಾಣದಿದ್ದರೆ ನಾಚಿಕೊಳ್ಳದೆ ಹೇಳಿ. ಆ ಹುಡುಗ ಹೇಳಿದ್ದರಿಂದಲೇ ಅವನ ದಾರಿ ಸುಲಭವಾಯಿತು.