ಚಿಕ್ಕಮ್ಮನ ಸಾಕ್ಷಿ

ಬಪ್ಪಿ ಲಾಹಿರಿ ತೀರಿಕೊಂಡ ವಾರ, ಅಂದರೆ 2022ರ ಫೆಬ್ರುವರಿಯಲ್ಲಿ, ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೆ. ‘ಆಫ್ರಿಕಾದಲ್ಲಿ ಶೀಲಾ’ ಸಿನಿಮಾಕ್ಕೆ ಸಂಗೀತ ಕೊಟ್ಟವರಲ್ಲವೇ ಎಂದು ಊರಿನ ಹೋಟೆಲಿನಲ್ಲೂ ಮಾತು ಬಂತು. ಅವರಿಗಿದ್ದದ್ದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಅದಕ್ಕೆ ಸ್ಲೀಪ್ ಆಪ್ನಿಯ ಅಂತಾರೆ ಎಂದು ಪೇಪರು ನೋಡಿ ಮನೆಯಲ್ಲಿ ಹೇಳಿದೆ. ಚಿಕ್ಕಪ್ಪ ನಕ್ಕರು. ಚಿಕ್ಕಮ್ಮ ನಗಲಿಲ್ಲ.

ರೇಷ್ಮೆ ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿದ್ದ ಸಮಯ ಅದು. ಎಷ್ಟು ಸೊಪ್ಪು ಹಾಕಿದರೂ ಸಾಲದು. ಚಳಿಗೆ ಹುಳದ ಮನೆಯಲ್ಲಿ ಕೆಂಡ ಇಟ್ಟು, ರಾತ್ರಿಯ ಕೊನೆಯ ಸೊಪ್ಪು ಹಾಕಿ ಬಂದು ನಡುಮನೆಯಲ್ಲಿ ಸಾಲಾಗಿ ಮಲಗಿದೆವು. ಚಿಕ್ಕಪ್ಪ ತಲೆ ಇಟ್ಟ ಎರಡು ನಿಮಿಷಕ್ಕೆ ಗೊರಕೆ ಶುರು. ಅದು ಇಡೀ ಬೀದಿಗೆ ಗೊತ್ತಿದ್ದ ಗೊರಕೆ, ನಾನೂ ಹೊದಿಕೆ ಎಳೆದುಕೊಂಡೆ. ಇದ್ದಕ್ಕಿದ್ದಂತೆ ನಿಂತಿತು. ಸದ್ಯ, ಇನ್ನು ನಿದ್ದೆ ಮಾಡಬಹುದು ಅಂದುಕೊಳ್ಳುತ್ತಿದ್ದಂತೆ ಕತ್ತಲಲ್ಲಿ ಚಿಕ್ಕಮ್ಮ ಎದ್ದು ಕೂತಿರುವುದು ಕಾಣಿಸಿತು.

“ನೋಡಪ್ಪಾ, ಈಗ ನೋಡು,” ಅಂದರು.

ಮೊಬೈಲ್ ಟಾರ್ಚ್ ಹಾಕಿದೆ. ಚಿಕ್ಕಪ್ಪನ ಹೊಟ್ಟೆ ಏಳುತ್ತಿದೆ, ಎದೆ ಒಳಗೆ ಸೇದಿಕೊಳ್ಳುತ್ತಿದೆ, ಬಾಯಿ ತೆರೆದಿದೆ. ಗಾಳಿ ಮಾತ್ರ ಹೋಗುತ್ತಿಲ್ಲ. ಎಷ್ಟೋ ಹೊತ್ತಾದ ಮೇಲೆ ಮೈಯೆಲ್ಲ ಅದುರಿ, ನೀರಿನಿಂದ ಮೇಲೆದ್ದವರ ಹಾಗೆ ದೊಡ್ಡದಾಗಿ ಉಸಿರೆಳೆದು, ಮಗ್ಗುಲಾಗಿ ಮತ್ತೆ ಗೊರಕೆ. ಕಣ್ಣು ಬಿಡಲೇ ಇಲ್ಲ. ವಿಡಿಯೊ ಮಾಡಿಕೊಂಡೆ. ಆ ರಾತ್ರಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಇದು ಹೊಸದಲ್ಲ. ಬಿ.ಪಿ. ಮಾತ್ರೆ ಒಂದಿದ್ದದ್ದು ಮೂರಾಗಿತ್ತು, ಬಿ.ಪಿ. ಇಳಿದಿರಲಿಲ್ಲ. ಬೆಳಗ್ಗೆ ಎದ್ದರೆ ತಲೆನೋವು. ರಾತ್ರಿ ಮೂತ್ರಕ್ಕೆ ಏಳುವುದನ್ನು ಸಕ್ಕರೆ ಕಾಯಿಲೆ ಎಂದುಕೊಂಡು ರಕ್ತ ಪರೀಕ್ಷೆಯೂ ಆಗಿತ್ತು. ಚಿಂತಾಮಣಿಗೆ ಹೊರಟ ಬಸ್ಸಿನಲ್ಲಿ ಕೂತರೆ ಕೈವಾರ ಕ್ರಾಸ್ ಬಂದದ್ದೂ ತಿಳಿಯದು. ಒಂದು ಸಲ ಸೊಪ್ಪಿನ ಹೊರೆ ಸಮೇತ ಟಿವಿಎಸ್ ಗಾಡಿ ಕೆರೆ ಏರಿಯಿಂದ ಕೆಳಗಿಳಿದಿತ್ತು. ಹುಳದ ಕೆಲಸ, ದಣಿವು ಎಂದು ಎಲ್ಲರೂ ಸುಮ್ಮನಾದೆವು. ಮುರುಗಮಲ್ಲಕ್ಕೆ ಹೋಗಿ ತಾಯಿತ ಕಟ್ಟಿಸಿಕೊಂಡು ಬಂದದ್ದೂ ಆಯಿತು. ಚಿಕ್ಕಮ್ಮ ಮಾತ್ರ ವರ್ಷಗಳಿಂದ ಒಂದೇ ಮಾತು ಹೇಳುತ್ತಿದ್ದರು, ಇವರಿಗೆ ರಾತ್ರಿ ಉಸಿರು ನಿಲ್ಲುತ್ತೆ ಅಂತ. ಹೆಂಗಸರ ಗಾಬರಿ ಎಂದು ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಚಿಕ್ಕಬಳ್ಳಾಪುರದ ಡಾಕ್ಟರು ವಿಡಿಯೊ ನೋಡಿದರು. ಟೇಪು ತೆಗೆದು ಚಿಕ್ಕಪ್ಪನ ಕುತ್ತಿಗೆ ಅಳೆದರು, ಗಂಟಲು ನೋಡಿದರು. “ನನಗೇನೂ ಆಗಿಲ್ಲ ಸಾರ್, ನಿದ್ದೆ ಚೆನ್ನಾಗಿ ಬರ್ತದೆ, ಬೇಕಾದ್ರೆ ಇವಳಿಗೇ ಒಂದು ನಿದ್ದೆ ಮಾತ್ರೆ ಕೊಡಿ” ಎಂದರು ಚಿಕ್ಕಪ್ಪ. ಡಾಕ್ಟರು ಕುರ್ಚಿ ತಿರುಗಿಸಿ, “ನೀವು ಹೇಳಿಯಮ್ಮ” ಅಂದರು.

“ಗೊರಕೆ ಹೊಡೀತಾ ಇದ್ರೆ ಜೀವ ಐತೆ ಅಂತ ಧೈರ್ಯ ಸಾರ್. ನಿಂತ್ರೇನೇ ನಾನು ಎದ್ದು ಕೂರೋದು.”

ಡಾಕ್ಟರು ಅದನ್ನು ಹಾಗೇ ಬರೆದುಕೊಂಡರು. ಆಮೇಲೆ ಅವರು ಬಿಡಿಸಿ ಹೇಳಿದ್ದು ಇಷ್ಟು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗುತ್ತದೆ. ದಾರಿ ಮೊದಲೇ ಕಿರಿದಾಗಿದ್ದವರಿಗೆ ಉಸಿರೆಳೆಯುವಾಗ ಅದು ಒಳಗಿಂದೊಳಗೇ ಮುಚ್ಚಿಕೊಳ್ಳುತ್ತದೆ, ಹೊಲಕ್ಕೆ ನೀರು ಹಾಯಿಸುವ ಚಪ್ಪಟೆ ಪೈಪನ್ನು ಬಾಯಲ್ಲಿ ಎಳೆದರೆ ಅಂಟಿಕೊಳ್ಳುವಂತೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಅರೆ ಎಚ್ಚರ ಮಾಡಿಸುತ್ತದೆ, ದಾರಿ ತೆರೆಯುತ್ತದೆ. ಮಲಗಿದವರಿಗೆ ನೆನಪೇ ಇರುವುದಿಲ್ಲ, ಹೃದಯಕ್ಕೆ ಮಾತ್ರ ರಾತ್ರಿಯಿಡೀ ದುಡಿತ. ಬಿ.ಪಿ. ಇಳಿಯದ್ದಕ್ಕೆ ಇದೂ ಕಾರಣವಿರಬಹುದು. ದಪ್ಪಗಿರುವವರಿಗೆ ಹೆಚ್ಚು, ಆದರೆ ಸಣಕಲರಿಗೂ, ಟಾನ್ಸಿಲ್ ಊದಿದ ಮಕ್ಕಳಿಗೂ ಬರುತ್ತದೆ. ಮದ್ಯ, ನಿದ್ದೆ ಮಾತ್ರೆ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ, ಚಿಕ್ಕಪ್ಪ ಹತ್ತಿರವೂ ಸುಳಿಯಬಾರದು.

ಬೆಂಗಳೂರಿನಲ್ಲಿ ಒಂದು ರಾತ್ರಿ ಪರೀಕ್ಷೆ. ತಲೆಗೆ ವೈರು, ಎದೆಗೂ ಹೊಟ್ಟೆಗೂ ಪಟ್ಟಿ, ಬೆರಳಿಗೆ ಕ್ಲಿಪ್. ಗಂಟೆಗೆ 46 ಸಲ ಉಸಿರಾಟಕ್ಕೆ ತಡೆ ಎಂದು ವರದಿ ಬಂತು. ಕನಿಷ್ಠ 10 ಸೆಕೆಂಡು ತಡೆದರೆ ಮಾತ್ರ ಅದು ಎಣಿಕೆಗೆ. ಗಂಟೆಗೆ 5ರ ಒಳಗಿದ್ದರೆ ಸರಿ, 30 ದಾಟಿದರೆ ತೀವ್ರ. ಚಿಕ್ಕಪ್ಪ ವರದಿ ಓದಿಸಿಕೊಂಡು ಮಾತಾಡಲಿಲ್ಲ. “ಅಷ್ಟು ಸಲಾನೂ ನಾನು ಎದ್ದಿಲ್ಲ ಬಿಡಿ” ಎಂದರು ಚಿಕ್ಕಮ್ಮ.

ಕೊಟ್ಟದ್ದು ಸಿಪ್ಯಾಪ್ ಯಂತ್ರ. ಮೂಗಿನ ಮುಖವಾಡದಿಂದ ಒತ್ತಡದ ಗಾಳಿ ಹೋಗಿ ಗಂಟಲನ್ನು ತೆರೆದೇ ಇಡುತ್ತದೆ, ಅಷ್ಟೇ. ಸಿಡ್ನಿಯ ಕಾಲಿನ್ ಸುಲ್ಲಿವಾನ್ 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದ ವೈದ್ಯರು. ಯಂತ್ರಕ್ಕೆ ಒಂದು ಬೆಳೆ ಗೂಡಿನ ದುಡ್ಡು ಹೋಯಿತು. ಮೊದಲ ವಾರ ಯಂತ್ರಕ್ಕೂ ಚಿಕ್ಕಪ್ಪನಿಗೂ ಜಗಳ. ಬಾಯಿ ಒಣಗಿತು ಅಂತ ಒಂದು ದಿನ, ಮೂಗು ಕಟ್ಟಿತು ಅಂತ ಇನ್ನೊಂದು ದಿನ ಕಿತ್ತೆಸೆದರು. ದಪ್ಪ ಮೀಸೆಯ ಸಂದಿನಿಂದ ಗಾಳಿ ಸೋರುತ್ತಿತ್ತು. ಯೌವನದಿಂದ ಸಾಕಿಕೊಂಡು ಬಂದ ಮೀಸೆ, ತೆಗೆಯಲು ಮನಸ್ಸಿಲ್ಲ. ಕೊನೆಗೆ ಮೀಸೆಗೆ ತಾಗದೆ ಮೂಗಿನ ಹೊಳ್ಳೆಗೇ ಕೂರುವ ಮುಖವಾಡ ತಂದೆವು. ಕರೆಂಟ್ ಹೋದರೆ ಯಂತ್ರ ನಿಲ್ಲುತ್ತದಲ್ಲ, ಅದಕ್ಕೊಂದು ಯುಪಿಎಸ್.

ತಿಂಗಳೊಳಗೆ ಬೆಳಗಿನ ತಲೆನೋವು ಹೋಯಿತು. ಬಸ್ಸಿನಲ್ಲಿ ತೂಕಡಿಕೆ ನಿಂತಿತು. ಬಿ.ಪಿ. ಮಾತ್ರೆ ಮೂರರಿಂದ ಎರಡಕ್ಕೆ ಇಳಿದದ್ದು ಮುಂದಿನ ವರ್ಷ. ಯಂತ್ರ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಹಾಕಿಕೊಂಡ ರಾತ್ರಿ ಮಾತ್ರ ಕಾಯುತ್ತದೆ. ಮದುವೆಗೆ ಗೌರಿಬಿದನೂರಿಗೆ ಹೊರಟರೂ ಚಿಕ್ಕಪ್ಪನ ಚೀಲದಲ್ಲಿ ಅದು ಇರುತ್ತದೆ.

ನಿಮ್ಮ ಮನೆಯಲ್ಲೂ ಗೊರಕೆ ಹೊಡೆಯುವವರು, ಹಗಲೆಲ್ಲ ತೂಕಡಿಸುವವರು ಇದ್ದರೆ ಡಾಕ್ಟರ ಹತ್ತಿರ ಒಬ್ಬರನ್ನೇ ಕಳಿಸಬೇಡಿ. ಪಕ್ಕದಲ್ಲಿ ಮಲಗುವವರೂ ಹೋಗಲಿ, ಮೊದಲು ಅವರೇ ಮಾತಾಡಲಿ.