ಸೋತದ್ದು ಖಾಲಾ ಅಲ್ಲ, ಲೆಕ್ಕ

ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಸೇರಿದವರಲ್ಲಿ ಹೆಚ್ಚಿನವರು ಯಾಕೆ ಮುಂದೆ ಬರುವುದಿಲ್ಲ? ಇದಕ್ಕೆ ಅವರ ಮೀಟಿಂಗ್‌ಗಳಲ್ಲಿ ಸಿದ್ಧ ಉತ್ತರವಿದೆ. ಸೋತವರಿಗೆ ಧೈರ್ಯವಿಲ್ಲ, ಸೋಮಾರಿತನ ಜಾಸ್ತಿ, ನೆಗೆಟಿವ್ ಜನರ ಮಾತು ಕೇಳಿ ಅರ್ಧಕ್ಕೆ ಬಿಟ್ಟುಬಿಡುತ್ತಾರೆ ಎನ್ನುತ್ತಾರೆ. ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಇದನ್ನು ನಂಬಿದ್ದರು. 14 ತಿಂಗಳು ಕಷ್ಟಪಟ್ಟ ಮೇಲೆ "ತಪ್ಪು ನನ್ನದೇ, ನನಗೆ ಮಾತಾಡಲು ಬರುವುದಿಲ್ಲ" ಎನ್ನತೊಡಗಿದರು. ನಮ್ಮ ಖಾನ್‌ದಾನಿನಲ್ಲಿ ಅವರಷ್ಟು ಚೆನ್ನಾಗಿ ಮಾತಾಡುವವರು ಬೇರೆ ಯಾರೂ ಇಲ್ಲ. ಹಾಗಾದರೆ ತಪ್ಪು ಎಲ್ಲಿದೆ? ನಾನು ಕಾಮರ್ಸ್ ವಿದ್ಯಾರ್ಥಿನಿ. ಉತ್ತರವನ್ನು ಲೆಕ್ಕದಲ್ಲೇ ಹುಡುಕಿದೆ.

ಖಾಲಾ ಮೊದಲು ಮನೆಯಲ್ಲೇ ಕುಳಿತು ಸೀರೆಗಳಿಗೆ ಫಾಲ್ ಹೊಲಿದು ಕುಚ್ಚು ಹಾಕುತ್ತಿದ್ದರು. ಒಂದು ದಿನ ಪರಿಚಯದ ಹೆಂಗಸೊಬ್ಬರು ಬಂದು, "ಮನೆಯಿಂದಲೇ ಮಾಡಬಹುದು, ಬಡ್ಡಿ ಇಲ್ಲ, ಹಲಾಲ್ ದುಡಿಮೆ" ಎಂದರು. ಹೊರಗೆ ಕೆಲಸಕ್ಕೆ ಹೋಗಲಾಗದ ಹೆಂಗಸರಿಗೆ ಇದಕ್ಕಿಂತ ಸಿಹಿಯಾದ ಮಾತು ಯಾವುದಿದೆ? ಖಾಲಾ ಸೇರಿದರು.

ಅವರು ಡೈರಿಯಲ್ಲಿ ಬರೆದಿಟ್ಟಿದ್ದನ್ನೆಲ್ಲ ನಾನು ನಮ್ಮ ಪಠ್ಯದಲ್ಲಿರುವ ಸ್ವೀಕೃತಿ ಮತ್ತು ಪಾವತಿ ಖಾತೆಯ ಹಾಗೆ ಎರಡು ಕಡೆ ಬರೆದೆ. ಪಾವತಿಯ ಕಡೆ ಸೇರುವಾಗ ಕೊಂಡ ಕಿಟ್ 7,500 ರೂಪಾಯಿ. ಕಮಿಷನ್ ನಿಲ್ಲದಿರಲು ಪ್ರತಿ ತಿಂಗಳು ತಾವೇ ಕೊಳ್ಳಬೇಕಾದ ಸಾಮಾನು 1,500ರಂತೆ 21,000. ಮೀಟಿಂಗ್ ಟಿಕೆಟ್, ಬಸ್ ಚಾರ್ಜ್ 6,400. ಒಟ್ಟು 34,900. ಸ್ವೀಕೃತಿಯ ಕಡೆ ಸಾಮಾನು ಮಾರಿ ಬಂದದ್ದು 9,800, ಕಮಿಷನ್ 4,300. ಒಟ್ಟು 14,100. ಕೊರತೆ 20,800 ರೂಪಾಯಿ. ಅಲ್ಮೇರಾದಲ್ಲಿ ಉಳಿದ ಶಾಂಪೂ, ಪೌಡರ್ ಡಬ್ಬಿಗಳಿಗೆ ಕೊಂಡ ಬೆಲೆಯನ್ನೇ ಹಿಡಿದು 6,000 ಕಳೆದರೂ 14,800 ನಷ್ಟ. ಆ ದಿನಗಳಲ್ಲಿ ಕುಚ್ಚು ಹಾಕದೆ ಕಳೆದುಕೊಂಡ ಕೂಲಿ ಇದರಲ್ಲಿ ಸೇರಿಲ್ಲ. ಅರ್ಥಶಾಸ್ತ್ರದಲ್ಲಿ ನಾವು ಅವಕಾಶ ವೆಚ್ಚ ಎಂದು ಓದುವುದು ಇದನ್ನೇ.

ಮೀಟಿಂಗ್‌ನಲ್ಲಿ ವೇದಿಕೆಗೆ ಬಂದವರು ತಮಗೆ ಬಂದ ಚೆಕ್ ತೋರಿಸುತ್ತಾರೆ, ಪಾವತಿಯ ಕಡೆಯನ್ನು ತೋರಿಸುವುದಿಲ್ಲ. ಒಂದೇ ಕಡೆ ಬರೆದ ಖಾತೆಯನ್ನು ನಮ್ಮ ಲೆಕ್ಕಶಾಸ್ತ್ರದ ಸರ್ ಒಪ್ಪುತ್ತಾರೆಯೇ?

ಖಾಲಾ ಇನ್ನಷ್ಟು ಕಷ್ಟಪಟ್ಟಿದ್ದರೆ ಗೆಲ್ಲುತ್ತಿದ್ದರು ಎಂದು ಕೆಲವರು ಹೇಳಬಹುದು. ಅವರೊಬ್ಬರು ಗೆಲ್ಲುತ್ತಿದ್ದರೋ ಏನೋ. ಆದರೆ ಸೇರಿದವರೆಲ್ಲ ಅಷ್ಟೇ ಕಷ್ಟಪಟ್ಟರೆ ಏನಾಗುತ್ತದೆ? ಒಬ್ಬರು 5 ಜನರನ್ನು ಸೇರಿಸಬೇಕು, ಆ ಐವರೂ ತಲಾ 5 ಜನರನ್ನು ಸೇರಿಸಬೇಕು ಎಂದುಕೊಳ್ಳೋಣ. ಇದು ಗುಣೋತ್ತರ ಶ್ರೇಢಿ. ಮೊದಲ ಮೆಟ್ಟಿಲಿನಲ್ಲಿ 5 ಜನ, ಎರಡನೆಯದರಲ್ಲಿ 25, ಮೂರನೆಯದರಲ್ಲಿ 125, ಆರನೆಯದರಲ್ಲಿ 15,625. ಹನ್ನೊಂದನೆಯ ಮೆಟ್ಟಿಲಿನಲ್ಲಿ 4,88,28,125. ಮೇಲಿನವರನ್ನೆಲ್ಲ ಕೂಡಿಸಿದರೆ ಒಟ್ಟು 6,10,35,156 ಜನ. 2011ರ ಜನಗಣತಿಯಂತೆ ನಮ್ಮ ಕರ್ನಾಟಕದ ಜನಸಂಖ್ಯೆ 6,10,95,297. ಅಂದರೆ ತೊಟ್ಟಿಲಿನ ಮಗುವಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯವರೆಗೆ ಹೆಚ್ಚುಕಡಿಮೆ ಇಡೀ ರಾಜ್ಯವೇ ಸೇರಿದಂತಾಯಿತು. ಹನ್ನೆರಡನೆಯ ಮೆಟ್ಟಿಲಿಗೆ ಬೇಕಾದ 24 ಕೋಟಿಗೂ ಹೆಚ್ಚು ಜನರನ್ನು ಎಲ್ಲಿಂದ ತರುವುದು?

ಇನ್ನೊಂದು ವಿಷಯ ನೋಡಿ. ಕೊನೆಯ ಮೆಟ್ಟಿಲಿನಲ್ಲಿ ಇರುವವರು ಒಟ್ಟು ಜನರಲ್ಲಿ ಶೇಕಡ 80. ಅವರ ಕೆಳಗೆ ಯಾರೂ ಇಲ್ಲ. ಹನ್ನೊಂದರ ಬದಲು ಐದನೆಯ ಮೆಟ್ಟಿಲಿನಲ್ಲೇ ನಿಂತರೂ ಈ ಪ್ರಮಾಣ ಸುಮಾರು 80 ಆಗಿಯೇ ಇರುತ್ತದೆ. ಎಲ್ಲರೂ ಧೈರ್ಯವಂತರಾದರೂ, ಒಬ್ಬರೂ ಸೋಮಾರಿಗಳಲ್ಲದಿದ್ದರೂ, ಐವರಲ್ಲಿ ನಾಲ್ವರು ಬರಿಗೈಯಲ್ಲೇ ಇರಬೇಕು. ಇದಕ್ಕೂ ಅವರ ಸ್ವಭಾವಕ್ಕೂ ಸಂಬಂಧವಿಲ್ಲ.

ನಮ್ಮ ಮೊಹಲ್ಲಾದಲ್ಲಿ ಈ ಸರಪಳಿ ಇನ್ನೂ ಬೇಗ ನಿಲ್ಲುತ್ತದೆ. ಖಾಲಾ ಅವರಿಗೆ 100 ಹೆಸರುಗಳ ಪಟ್ಟಿ ಮಾಡಲು ಹೇಳಿದ್ದರು. ಅವರನ್ನು ಸೇರಿಸಿದ ಹೆಂಗಸಿನ ಪಟ್ಟಿಯಲ್ಲಿದ್ದವರೂ ಬಹುತೇಕ ಅದೇ ನೆಂಟರು, ಅದೇ ನೆರೆಯವರು. ಕೊನೆಗೆ ಖಾಲಾ ಫೋನ್ ಮಾಡಿದರೆ ಜನ ಎತ್ತದಂತಾದರು. ಮದುವೆಗೆ ಹೋದರೆ ಮಾರಲು ಬಂದಿದ್ದಾಳೆ ಎಂದುಕೊಳ್ಳುತ್ತಾರೆ ಎಂಬ ನಾಚಿಕೆಗೆ ಅವರು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಈ ನಷ್ಟವನ್ನು ಬರೆಯಲು ಯಾವ ಖಾತೆಯಲ್ಲೂ ಕಾಲಂ ಇಲ್ಲ.

ಮನೆ ಮನೆಗೆ ಹೋಗಿ ಮಾರುವುದು ಕೆಟ್ಟ ಕೆಲಸ ಎಂದು ನಾನು ಹೇಳುತ್ತಿಲ್ಲ. ನಮ್ಮ ಬೀದಿಗೆ ಡ್ರೆಸ್ ಪೀಸ್ ಗಂಟು ಹೊತ್ತು ಬರುವ ಆಪಾ ಒಬ್ಬರಿದ್ದಾರೆ. ವಾರದ ಕಂತಿಗೆ ಬಟ್ಟೆ ಕೊಡುತ್ತಾರೆ, ಸಂಸಾರ ನಡೆಸುತ್ತಾರೆ. ಅದೇ ಬೀದಿಗೆ ಇನ್ನೊಬ್ಬ ಬಟ್ಟೆ ಮಾರುವವಳು ಬಂದರೆ ಅವರಿಗೆ ಚಿಂತೆ. ಖಾಲಾ ಅವರಿಗಾದರೋ ಅದೇ ಬೀದಿಯಲ್ಲಿ ಇನ್ನೂ ಐದು ಮಾರುವವರನ್ನು ಹುಟ್ಟಿಸಿದರೆ ಬಹುಮಾನ! ಇದರಿಂದಲೇ ತಿಳಿಯುತ್ತದೆ, ಆಪಾಳ ಲಾಭ ಬಟ್ಟೆಯಿಂದ ಬರುತ್ತದೆ, ಈ ಸರಪಳಿಯ ಲಾಭ ಸೇರುವವರಿಂದ ಬರುತ್ತದೆ.

ಕಾನೂನೂ ಈ ವ್ಯತ್ಯಾಸವನ್ನು ಗುರುತಿಸಿದೆ. ಜನರನ್ನು ಸೇರಿಸಿ ಹಣ ಸುತ್ತಿಸುವ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟದ ನಿಯಮಗಳು ಪಿರಮಿಡ್ ಯೋಜನೆ ನಡೆಸಬಾರದು ಎನ್ನುತ್ತವೆ. ದೂರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ನಾನು ಬರೆದ ಹಾಳೆಯನ್ನು ಖಾಲಾ ಬಹಳ ಹೊತ್ತು ನೋಡಿದರು. ನಂತರ ಕೇಳಿದ್ದು ತಮ್ಮ ಹಣದ ಬಗ್ಗೆ ಅಲ್ಲ. "ನಾನು ಸೇರಿಸಿದ ಆ ಇಬ್ಬರು?" ಎಂದರು. ಮರುದಿನ ಹಾಳೆಯನ್ನು ತೆಗೆದುಕೊಂಡು ಅವರಿಬ್ಬರ ಮನೆಗೂ ಹೋಗಿ ಎಲ್ಲವನ್ನೂ ಹೇಳಿ ಬಂದರು. ಒಬ್ಬರು ಕೋಪ ಮಾಡಿಕೊಂಡರು, ಇನ್ನೊಬ್ಬರು ಚಹಾ ಕೊಟ್ಟು ಅತ್ತರು. ಮಾತಾಡಲು ಬರುವುದಿಲ್ಲ ಎನ್ನುತ್ತಿದ್ದ ಖಾಲಾ ಆಡಿದ ಅತ್ಯಂತ ಕಷ್ಟದ ಮಾತು ಅದೇ ಇರಬೇಕು.

ಸ್ನೇಹಿತರೇ, ಪಿಯುಸಿ ಮುಗಿದು ಹದಿನೆಂಟು ತುಂಬಿದ ಕೂಡಲೇ ನಮ್ಮನ್ನೂ ಯಾರಾದರೂ ಇಂಥ ಮೀಟಿಂಗ್‌ಗೆ ಕರೆಯಬಹುದು. ಆಗ ಮೂರು ಪ್ರಶ್ನೆ ಕೇಳಿ. ಈ ಸಾಮಾನನ್ನು ಸೇರದವರೂ ಇದೇ ಬೆಲೆಗೆ ಕೊಳ್ಳುತ್ತಾರೆಯೇ? ಯಾರನ್ನೂ ಸೇರಿಸದೆ, ಬರೀ ಮಾರಾಟದಿಂದ ನನಗೆ ಎಷ್ಟು ಉಳಿಯುತ್ತದೆ? ನಿಮ್ಮ ಪಾವತಿಯ ಕಡೆಯನ್ನೂ ತೋರಿಸುತ್ತೀರಾ? ಇಷ್ಟು ಕೇಳಿದ್ದಕ್ಕೆ ನಿಮ್ಮನ್ನು ನೆಗೆಟಿವ್ ಎಂದರೆ ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಉತ್ತರ ಸಿಕ್ಕಿತು ಎಂದು ತಿಳಿದು ಎದ್ದು ಬನ್ನಿ.