ಎರಡು ನೀಲಿ, ಒಂದು ಕೋಣೆ

ಜೋಧಪುರಕ್ಕೆ ಹೋದವರು ಮೆಹರಾನ್‌ಗಡ ಕೋಟೆ ನೋಡದೆ ಬರುವುದುಂಟೇ? 1459ರಲ್ಲಿ ರಾವ್ ಜೋಧಾ ಕಟ್ಟಿಸಲು ತೊಡಗಿದ ಕೋಟೆ ಅದು. ನೀವೂ ಹೋದರೆ, ಫಿರಂಗಿಗಳನ್ನು ನೋಡಿದ್ದು ಸಾಕೆಂದು ಒಮ್ಮೆ ಕೆಳಗೆ ಬಗ್ಗಿ ನೋಡಿ. ಬ್ರಹ್ಮಪುರಿಯ ಮನೆಮನೆಯೂ ನೀಲಿ! ಹಿಂದೆ ಅದು ಬ್ರಾಹ್ಮಣರ ಮನೆಯ ಗುರುತಾಗಿತ್ತಂತೆ. ಮನೆ ತಂಪಾಗಿರಲಿ, ಗೆದ್ದಲು ಬಾರದಿರಲಿ ಅಂತ ಬಳಿದದ್ದು ಎನ್ನುವವರೂ ಇದ್ದಾರೆ. ಚೆಂದ ಕಾಣುತ್ತೆ ಅನ್ನೋ ಕಾರಣವೇ ನನಗಂತೂ ಸಾಕಾಯಿತು.

ನಾನು ಹೋಗಿದ್ದು ಅತ್ತೆಯವರ ಜೊತೆ. ಊರಿನಲ್ಲಿ ಅವರ ಕೋಣೆಗೆ ಬಣ್ಣ ಆಗಬೇಕಿತ್ತು. ಗಲ್ಲಿಗಿಳಿದಾಗ ತಿಳಿಯಿತು, ಕೋಟೆಯಿಂದ ಒಂದೇ ಆಗಿ ಕಂಡ ನೀಲಿ ನಿಜಕ್ಕೂ ಎರಡು ಬಗೆ. ಒಂದು ಸುಣ್ಣಕ್ಕೆ ನೀಲಿ ಕಲಸಿ ಬಳಿದದ್ದು. ಬಟ್ಟೆಗೆ ಹಾಕುವ ನೀಲಿಯಂತೆ ತುಸು ನೇರಳೆಗೆ ವಾಲುತ್ತದೆ, ಸವರಿದರೆ ಕೈಗೆ ಪುಡಿ ಹತ್ತುತ್ತದೆ. ಇನ್ನೊಂದು ಡಬ್ಬಿ ಬಣ್ಣ. ಮೈಲುತುತ್ತದ ಹಾಗೆ ಹಸಿರು ಛಾಯೆ.

"ಯಾವುದು ಬೇಕು ಅತ್ತೆ?"

"ಎರಡೂ ಒಂದೇ ಅಲ್ಲೇನೇ? ಎರಡೂ ಮಾಸಲು."

ಇವರಿಗೆ ಯಾವುದರಲ್ಲೂ ಆಸಕ್ತಿಯಿಲ್ಲ ಅಂತ ಒಳಗೊಳಗೇ ಸಿಡುಕಿದೆ. ಊರಿಗೆ ಬಂದು ಕಣ್ಣಿನ ಡಾಕ್ಟರ ಬಳಿ ಹೋದಾಗಲೇ ಗೊತ್ತಾಗಿದ್ದು, ಎರಡೂ ಕಣ್ಣಿಗೆ ಪೊರೆ! ಪೊರೆ ಬಂದಾಗ ಕಣ್ಣಿನ ಮಸೂರ ಹಳದಿಗಟ್ಟಿ, ನೀಲಿ ಬೆಳಕನ್ನೇ ತಡೆಯುತ್ತದೆ. ನಿಮ್ಮ ಮನೆಯ ಹಿರಿಯರು ಬಣ್ಣ ತಪ್ಪಿ ಹೇಳಿದರೆ ನನ್ನ ಹಾಗೆ ಸಿಡುಕಬೇಡಿ, ಕಣ್ಣು ತೋರಿಸಿ.

ಇನ್ನು ಬಣ್ಣದ ವಿಷಯ. ಅಂಗಡಿಯವರ ಬಣ್ಣದ ಚೀಟಿ ನೋಡಿ ತೀರ್ಮಾನಿಸಬೇಡಿ. ಗೋಡೆಯ ಮೇಲೆ ಎರಡನ್ನೂ ಮೊರದಗಲ ಬಳಿಸಿ, ಎರಡು ದಿನ ಬಿಡಿ. ಸುಣ್ಣ ಹಸಿಯಿದ್ದಾಗ ಗಾಢ, ಒಣಗಿದರೆ ಎಷ್ಟೋ ತಿಳಿ. ಬೆಳಗ್ಗೆ ನೋಡಿ, ದೀಪ ಹಚ್ಚಿದ ಮೇಲೂ ನೋಡಿ. ನಮ್ಮ ಹಳದಿ ಬಲ್ಬಿನ ಕೆಳಗೆ ಡಬ್ಬಿಯ ನೀಲಿ ಹಸಿರೇ ಆಗಿಬಿಟ್ಟಿತು! ಹಾಂ, ಪ್ಲಾಸ್ಟಿಕ್ ಪೇಂಟ್ ಬಳಿದ ಗೋಡೆಗೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ. ನಮ್ಮದು ಹಳೆಯ ಸುಣ್ಣದ ಗೋಡೆ, ಬದುಕಿದೆವು.

ಒಂದು ಕಣ್ಣಿನ ಆಪರೇಷನ್ ಮುಗಿದು ಕೆಲವು ದಿನ ಕಳೆದಿತ್ತು. ಅತ್ತೆ ಆ ಗೋಡೆಯ ಮುಂದೆ ನಿಂತು, ಒಮ್ಮೆ ಈ ಕಣ್ಣು ಮುಚ್ಚಿದರು, ಒಮ್ಮೆ ಆ ಕಣ್ಣು. ಸುಣ್ಣದ ನೀಲಿ ಮುಟ್ಟಿ, "ಇದು ನಮ್ಮ ತವರಿನ ಅಡುಗೆಮನೆ. ಅದು ಬೇಡ, ಆಸ್ಪತ್ರೆ ಗೋಡೆ ಇದ್ದಂಗಿದೆ" ಅಂದರು.

ಆಮೇಲೆ ಮೆಲ್ಲಗೆ, "ಅಲ್ಲ ಕಣೇ, ಜೋಧಪುರಕ್ಕೆ ಇನ್ನೊಂದ್ಸಲ ಹೋಗೋಣವೇ? ನಾನು ನೋಡೇ ಇಲ್ಲವಲ್ಲ."